18 ತಾಸು ಕರೆಂಟ್ ಇಲ್ಲದಾಗ ಫಿಲ್ಟರ್ ಉಳಿಸಿಕೊಂಡದ್ದು: ಬಾಗಲಕೋಟೆಯ ಒಂದು ಪ್ರಕರಣ

ಕರೆಂಟ್ ಹೋದರೆ ಅಕ್ವೇರಿಯಂ ಇಟ್ಟವರ ಕಣ್ಣು ಮೊದಲು ಮೀನಿನ ಮೇಲೆ ಹೋಗುತ್ತದೆ. ಅದು ಸರಿಯೇ. ಆದರೆ ಟ್ಯಾಂಕಿನ ಕೆಳಗಿನ ಮುಚ್ಚಿದ ಫಿಲ್ಟರ್ ಡಬ್ಬಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೂ ಅದೇ ಹೊತ್ತಿಗೆ ಉಸಿರು ಕಟ್ಟುತ್ತಿರುತ್ತದೆ. ಕತ್ತಲೆಯ ರಾತ್ರಿ ಹೇಗೋ ಬದುಕಿದ ಮೀನು, ಕರೆಂಟ್ ಬಂದು ಎರಡು ಮೂರು ದಿನಕ್ಕೆ ಸತ್ತವು ಎಂದು ಹೇಳುವವರು ನಮ್ಮ ಕಡೆ ಬಹಳ ಜನ. ಬಹಳ ಸಲ ಅದಕ್ಕೆ ಕಾರಣ ಆ ಡಬ್ಬಿಯೇ.

ಬಾಗಲಕೋಟೆಯ ನವನಗರದ ಒಂದು ಮನೆಯಲ್ಲಿ ಮೇ ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಸೆಕ್ಟರ್ ನಂಬರ್ ಬಿಟ್ಟಿದ್ದೇನೆ. ಮನೆಯ ಹಿರಿಯರು ನಿವೃತ್ತ ಮಾಸ್ತರು. ಟ್ಯಾಂಕ್ ನೋಡಿಕೊಳ್ಳುವುದು ಅವರ ಸೊಸೆ. ನಾನು ಅವರನ್ನು ವೈನಿ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಮಗ ಕಾಲೇಜು ಓದುತ್ತಾನೆ. ವೈನಿಯ ಯಜಮಾನರು ಆ ದಿನ ಊರಲ್ಲಿ ಇರಲಿಲ್ಲ.

ಟ್ಯಾಂಕ್ ಮತ್ತು ಅದರ ನೀರು

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕ್. ಅಂಚಿನಿಂದ ಸ್ವಲ್ಪ ಕೆಳಗೆ ತುಂಬಿಸಿದರೆ ಸುಮಾರು 170 ಲೀಟರ್ ನೀರು. ಒಳಗೆ ಆರು ಒರಾಂಡಾ ಗೋಲ್ಡ್ ಫಿಶ್. ಒರಾಂಡಾ ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಈ ಟ್ಯಾಂಕಿಗೆ ಆರು ತುಸು ಹೆಚ್ಚೇ. ಆದರೂ ಎರಡು ವರ್ಷದಿಂದ ಟ್ಯಾಂಕ್ ಚೆನ್ನಾಗಿತ್ತು, ಯಾಕೆಂದರೆ ಕೆಳಗಿನ ಕ್ಯಾನಿಸ್ಟರ್ ಫಿಲ್ಟರ್ ಚೆನ್ನಾಗಿ ಪಳಗಿತ್ತು. ಅದರಲ್ಲಿ ಮೂರು ಬುಟ್ಟಿ. ಕೆಳಗಿನ ಬುಟ್ಟಿಯಲ್ಲಿ ದಪ್ಪ ಸ್ಪಂಜ್, ಮೇಲಿನ ಎರಡರಲ್ಲಿ ಸೆರಾಮಿಕ್ ರಿಂಗ್. ಇದರ ಜೊತೆಗೆ ಒಂದು ಸಣ್ಣ ಏರ್ ಪಂಪ್.

ಪಳಗುವುದು ಎಂದರೆ ಇಷ್ಟೇ. ಮೀನಿನ ಕಿವಿರಿನಿಂದ, ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅಷ್ಟರಲ್ಲಿ ವಿಷದ ತೀವ್ರತೆ ಬಹಳ ಇಳಿದಿರುತ್ತದೆ. ಇವು ನೀರಿನಲ್ಲಿ ತೇಲುವುದು ಕಡಿಮೆ. ರಿಂಗ್, ಸ್ಪಂಜ್‌ಗಳ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಅರ್ಧ ತಾಸಿನೊಳಗೆ ಎರಡು ಪಟ್ಟಾಗುತ್ತವೆ. ಇವಕ್ಕೆ ಒಳ್ಳೆಯ ಸ್ಥಿತಿಯಲ್ಲೂ ಏಳೆಂಟು ತಾಸು ಬೇಕು, ಕೆಲವು ಸಲ ಒಂದು ದಿನಕ್ಕಿಂತ ಜಾಸ್ತಿ. ಅದಕ್ಕೇ ಒಂದು ಸಲ ಕಳೆದುಕೊಂಡರೆ ಮತ್ತೆ ಬೆಳೆಸಲು ವಾರಗಳು ಹಿಡಿಯುತ್ತವೆ.

ನವನಗರದ ಈ ಮನೆಯ ನೀರಿನ ಬಗ್ಗೆಯೂ ಒಂದು ಮಾತು. ನಳದ ನೀರಿಗೆ ಬೋರಿನ ನೀರು ಬೆರೆಸಿ ಬಳಸುತ್ತಾರೆ. ಗಡಸು ನೀರು, ಪಿಎಚ್ 8ರ ಆಸುಪಾಸು. ಇದು ಬಹಳ ಮುಖ್ಯ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಅದರಲ್ಲಿ ಒಂದು ರೂಪವೇ ಮೀನನ್ನು ಕೊಲ್ಲುವುದು. 28 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಕೊಲ್ಲುವ ರೂಪ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ನೂರರಲ್ಲಿ ಆರೇಳು ಪಾಲು. ಅಂದರೆ ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ಟಿನಲ್ಲಿ ಬಣ್ಣ ಒಂದೇ ಇದ್ದರೂ ನಮ್ಮ ಗಡಸು ನೀರಿನಲ್ಲಿ ಅಪಾಯ ಸುಮಾರು ಒಂಬತ್ತು ಪಟ್ಟು ಜಾಸ್ತಿ. ಮೆದು ನೀರಿನ ಊರಿನವರು ಕೊಡುವ "ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಏನೂ ಆಗಲ್ಲ" ಎನ್ನುವ ಸಲಹೆ ನಮಗೆ ಹೊಂದುವುದಿಲ್ಲ.

ಆ ಸಂಜೆ

ಸಂಜೆ ಐದರ ಸುಮಾರಿಗೆ ಗಾಳಿ ಎದ್ದಿತು, ಹಿಂದೆಯೇ ಜೋರು ಮಳೆ. ಮರ ಬಿದ್ದು ಕಂಬಗಳು ಮುರಿದವು. ಅರ್ಧ ತಾಸಿನ ಹಿಂದೆಯಷ್ಟೇ ಮೀನಿಗೆ ಆಹಾರ ಹಾಕಿದ್ದರು. ಹೊಟ್ಟೆ ತುಂಬಿದ ಮೀನಿಗೆ ಆಕ್ಸಿಜನ್ ಜಾಸ್ತಿ ಬೇಕು, ಅದು ಬಿಡುವ ಅಮೋನಿಯಾವೂ ಜಾಸ್ತಿ.

ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಟ್ಯಾಂಕಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಬ್ಯಾಟರಿಯೂ ಹಳೆಯದು. ಎರಡು ಫ್ಯಾನು, ಎರಡು ಲೈಟು ಓಡಿಸಿ ಏಳೂವರೆಗೆಲ್ಲ ಬೀಪ್ ಹೊಡೆಯತೊಡಗಿತು. ಎಂಟು ಗಂಟೆಗೆ ವೈನಿ ಫೋನ್ ಮಾಡಿದರು.

"ಮೀನು ಮ್ಯಾಲ ಬಂದು ಬಾಯಿ ತಗದಾವ್ರಿ. ನೀರು ಬದಲಿ ಮಾಡ್ಲೇನು?"

ಅವರ ಕೈಯಲ್ಲಿ ನಾಲ್ಕು ಕೊಡ ಒಳ್ಳೆಯ ನೀರಿತ್ತು, ಸುಮಾರು 50 ಲೀಟರ್. ಕರೆಂಟ್ ಇಲ್ಲದೆ ಬೋರ್ ಓಡುವುದಿಲ್ಲ. ಮೇಲಿನ ಟ್ಯಾಂಕಿನಲ್ಲಿ ಉಳಿದದ್ದು ಮನೆಗೇ ಸಾಲದು. ಅಂದರೆ ನೀರು ಬದಲಿಸಲು ಸಿಗುವುದು ಒಂದೇ ಅವಕಾಶ.

ನಾವು ಆ ನಾಲ್ಕು ಕೊಡಗಳನ್ನು ಬೆಳಗಿಗೆ ಎಂದು ಎತ್ತಿಟ್ಟೆವು. ಈ ಪ್ರಕರಣದಲ್ಲಿ ತೆಗೆದುಕೊಂಡ ಮೊದಲ ದೊಡ್ಡ ತೀರ್ಮಾನ ಇದು. ಆ ಹೊತ್ತಿನಲ್ಲಿ ಮೀನಿಗೆ ಬೇಕಿದ್ದದ್ದು ಆಕ್ಸಿಜನ್. ಅದನ್ನು ಕೈಯಿಂದಲೂ ಕೊಡಬಹುದು. ಚರಗಿಯಿಂದ ಟ್ಯಾಂಕಿನ ನೀರನ್ನೇ ತೆಗೆದು ಒಂದು ಅಡಿ ಮೇಲಿನಿಂದ ಸುರಿದರೆ ಸಾಕು. ಅಮೋನಿಯಾ ಏರುವುದು ನಿಧಾನ. ಅದು ಏರಿದಾಗ ಕೈಯಿಂದ ಮಾಡಲು ಬೇರೆ ಉಪಾಯ ಇಲ್ಲ, ಹೊಸ ನೀರೇ ಬೇಕು. ಇರುವ ನೀರನ್ನು ರಾತ್ರಿಯೇ ಸುರಿದಿದ್ದರೆ ಬೆಳಗ್ಗೆ ಕೈ ಖಾಲಿ.

ಡಬ್ಬಿ ತೆರೆಯುವ ಪ್ರಶ್ನೆ

ಮಾತಿನ ಮಧ್ಯೆ ಫಿಲ್ಟರ್ ನಿಂತು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಮೂರು ತಾಸು. ಕತ್ತಲೆಯಲ್ಲಿ ಕ್ಯಾನಿಸ್ಟರ್ ತೆರೆಯುವುದು ವೈನಿಗೆ ಬೇಡವಾಗಿತ್ತು. ರಬ್ಬರ್ ರಿಂಗ್ ಸರಿಯಾಗಿ ಕೂರದೆ ಆಮೇಲೆ ಸೋರಿದರೆ ಪಡಸಾಲೆ ತುಂಬ ನೀರು. ಆ ಭಯ ನ್ಯಾಯವಾದದ್ದೇ. ಕರೆಂಟ್ ಇನ್ನೊಂದು ತಾಸಿನಲ್ಲಿ ಬರುವಂತಿದ್ದರೆ ನಾನೂ ತೆರೆಯಬೇಡಿ ಎನ್ನುತ್ತಿದ್ದೆ. ಆದರೆ ಕಂಬಗಳೇ ಮುರಿದಿದ್ದವು. ರಾತ್ರಿ ಬರುವ ಲಕ್ಷಣ ಇರಲಿಲ್ಲ.

ತೆರೆಯಲೇಬೇಕು ಎಂದು ಯಾಕೆ ಹೇಳಿದೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಆ ಡಬ್ಬಿಯಲ್ಲಿ ಮೀಡಿಯಾ, ಅಂದರೆ ಸ್ಪಂಜ್ ಮತ್ತು ರಿಂಗ್, ಬಿಟ್ಟು ಸುಮಾರು 4 ಲೀಟರ್ ನೀರು ಹಿಡಿಯುತ್ತದೆ. 28 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಕ್ಸಿಜನ್ ಕರಗಿರುತ್ತದೆ. ಎಲ್ಲ ಸೇರಿ 30 ಮಿಲಿಗ್ರಾಂ. ಪಂಪ್ ನಿಂತ ಮೇಲೆ ಒಳಗಿನವರಿಗೆ ಇರುವ ಬುತ್ತಿ ಇಷ್ಟೇ. ಒಂದು ಗ್ರಾಂ ಅಮೋನಿಯಾ ಸಾರಜನಕ ಪೂರ್ತಿ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಗ್ರಾಂ ಆಕ್ಸಿಜನ್ ಬೇಕು, ಅಂದರೆ ಈ ಕೆಲಸಕ್ಕೆ ಆಕ್ಸಿಜನ್ ಖರ್ಚು ಬಹಳ. ಅದರ ಮೇಲೆ ಸ್ಪಂಜಿನಲ್ಲಿ ಕೂತ ಹೊಲಸನ್ನು ತಿನ್ನುವ ಬೇರೆ ಬ್ಯಾಕ್ಟೀರಿಯಾಗಳೂ ಅದೇ ಬುತ್ತಿಗೆ ಕೈ ಹಾಕುತ್ತವೆ. ಅವುಗಳ ಸಂಖ್ಯೆ ದೊಡ್ಡದು. ಕೆಲವೇ ತಾಸಿನಲ್ಲಿ ಆಕ್ಸಿಜನ್ ಮುಗಿಯುತ್ತದೆ.

ಮುಗಿದ ತಕ್ಷಣ ನಮ್ಮ ಬ್ಯಾಕ್ಟೀರಿಯಾ ಸಾಯುವುದಿಲ್ಲ. "ನಾಲ್ಕು ತಾಸಾದರೆ ಎಲ್ಲ ಸತ್ತ ಹಾಗೆ" ಎನ್ನುವ ಮಾತು ಹವ್ಯಾಸಿಗಳಲ್ಲಿ ಬಹಳ ಓಡಾಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಇವು ಕೆಲಸ ನಿಲ್ಲಿಸಿ ಸುಮ್ನೆ ಕೂರುತ್ತವೆ, ಕ್ರಮೇಣ ಕಡಿಮೆಯಾಗುತ್ತವೆ. ನಿಜವಾದ ಹಾನಿ ಶುರುವಾಗುವುದು ಆಕ್ಸಿಜನ್ ಇಲ್ಲದೆ ಹೊಲಸು ಕೊಳೆಯತೊಡಗಿದಾಗ. ಆಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಬ್ಯಾಕ್ಟೀರಿಯಾಕ್ಕೂ ವಿಷ, ಮೀನಿಗೂ ವಿಷ.

ಮಗ ಮೊಬೈಲ್ ಟಾರ್ಚ್ ಹಿಡಿದ. ವೈನಿ ಎರಡೂ ಪೈಪಿನ ಕಾಕ್ ಮುಚ್ಚಿ, ಡಬ್ಬಿ ಬಿಡಿಸಿ ಬಚ್ಚಲಿಗೆ ಒಯ್ದರು. ಮುಚ್ಚಳ ತೆಗೆದಾಗ ಸ್ವಲ್ಪ ಮುಗ್ಗಲು ವಾಸನೆ ಇತ್ತು, ಕೆಟ್ಟ ವಾಸನೆ ಇನ್ನೂ ಇರಲಿಲ್ಲ. ಸಮಯಕ್ಕೆ ಸರಿಯಾಗಿ ತೆರೆದಿದ್ದೇವೆ ಎಂದು ಗೊತ್ತಾಯಿತು.

ರಿಂಗ್ ಇದ್ದ ಎರಡೂ ಬುಟ್ಟಿಗಳನ್ನು ಟ್ಯಾಂಕಿನೊಳಗೆ ಮುಳುಗಿಸಿ ಇಡಬಹುದಿತ್ತು. ಬಹಳ ಜನ ಹಾಗೆ ಮಾಡುತ್ತಾರೆ, ತಪ್ಪಲ್ಲ. ಆದರೆ ಆ ಟ್ಯಾಂಕಿನಲ್ಲಿ ಮೀನಿಗೇ ಆಕ್ಸಿಜನ್ ಸಾಲುತ್ತಿರಲಿಲ್ಲ. ಅದಕ್ಕೆ ಬುಟ್ಟಿಗಳನ್ನು ನೀರಿನ ಮೇಲೆ ಇಡಲು ಹೇಳಿದೆ. ಟ್ಯಾಂಕಿನ ಅಂಚಿನ ಮೇಲೆ ಎರಡು ಕೋಲು ಅಡ್ಡ ಹಾಕಿ, ಅದರ ಮೇಲೆ ಬುಟ್ಟಿ. ಚರಗಿಯಿಂದ ಸುರಿಯುವ ನೀರನ್ನು ಬುಟ್ಟಿಯ ಮೇಲೆಯೇ ಸುರಿಯುವುದು. ಅದು ರಿಂಗ್‌ಗಳ ಮೂಲಕ ಸೋಸಿ ಹನಿಹನಿಯಾಗಿ ಟ್ಯಾಂಕಿಗೆ ಬೀಳುತ್ತದೆ. ಮೀನಿಗೂ ಗಾಳಿ, ಬ್ಯಾಕ್ಟೀರಿಯಾಕ್ಕೂ ಗಾಳಿ, ಜೊತೆಗೆ ಅಮೋನಿಯಾದ ಊಟವೂ ಸಿಗುತ್ತದೆ. ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗಿಂತ ಜಾಸ್ತಿ ಆಕ್ಸಿಜನ್ ಇದೆ, ಒಂದು ಲೀಟರ್ ನೀರಿನಲ್ಲಿ ಏಳೂವರೆ. ಒದ್ದೆಯಾಗಿದ್ದು ಗಾಳಿಯಲ್ಲಿರುವ ರಿಂಗ್‌ಗೆ ಆಕ್ಸಿಜನ್ನಿನ ಕೊರತೆಯೇ ಇಲ್ಲ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಕಲ್ಲಿನ ಹಾಸಿನ ಮೇಲೆ ನೀರು ಚಿಮುಕಿಸುವುದೂ ಇದೇ ತತ್ವದ ಮೇಲೆ. ಒಣಗಲು ಮಾತ್ರ ಬಿಡಬಾರದು. ಒಣಗಿದರೆ ಆಕ್ಸಿಜನ್ ಇಲ್ಲದಿರುವುದಕ್ಕಿಂತ ಬೇಗ ಸಾಯುತ್ತವೆ. ಮೇಲೆ ಒದ್ದೆ ಬಟ್ಟೆ ಹೊದಿಸಿದರು.

ಕೆಳಗಿನ ಸ್ಪಂಜಿನ ಬುಟ್ಟಿಗೆ ಕೋಲಿನ ಮೇಲೆ ಜಾಗ ಇರಲಿಲ್ಲ. ಅದರ ತುಂಬ ಹೊಲಸು ಬೇರೆ. ಮಗ ಅದನ್ನು ಹಳೆಯ ನೀರಿನ ಜೊತೆಗೇ ಡಬ್ಬಿಯಲ್ಲಿ ಬಿಟ್ಟು ಮುಚ್ಚಳ ಹಾಕಿದ. ಅದೇ ಈ ಪ್ರಕರಣದಲ್ಲಿ ಹೋಲಿಸಿ ನೋಡಲು ಒಂದು ದಾರಿ ಮಾಡಿಕೊಟ್ಟಿತು.

ರಾತ್ರಿ

ಹತ್ತು ಗಂಟೆಯವರೆಗೆ ಮಗ ನೀರು ಸುರಿದ, ಆಮೇಲೆ ವೈನಿ. ಕಾಲು ತಾಸಿಗೊಮ್ಮೆ ಇಪ್ಪತ್ತು ಮೂವತ್ತು ಚರಗಿ. ನಡುವೆ ವಿಶ್ರಾಂತಿ. ಹನ್ನೊಂದರ ಹೊತ್ತಿಗೆ ಮಾಸ್ತರು ಎದ್ದು ಬಂದು, "ನೀ ಮಲಕ್ಕೊಳವ್ವ, ನಂಗಂತೂ ನಿದ್ದಿ ಬರಾಂಗಿಲ್ಲ" ಎಂದರು. ಬೆಳಗಿನ ನಾಲ್ಕರವರೆಗೆ ಕುರ್ಚಿ ಹಾಕಿಕೊಂಡು ಕೂತವರು ಅವರೇ. ವಯಸ್ಸಾದವರು ಇಷ್ಟು ಹೊತ್ತು ಕೂತು ಮಾಡಿದ ಆ ಕೆಲಸ ಇಲ್ಲದಿದ್ದರೆ ಮುಂದಿನ ಮಾತೆಲ್ಲ ಇರುತ್ತಿರಲಿಲ್ಲ. ಸಲಹೆ ಕೊಡುವುದು ಸುಲಭ. ರಾತ್ರಿಯೆಲ್ಲ ಚರಗಿ ಎತ್ತುವುದು ಬೇರೆ ಮಾತು.

ಮಾಸ್ತರು ಮಲಗಿದ ಮೇಲೆ ಸುಮಾರು ಎರಡು ತಾಸು ಯಾರೂ ನೀರು ಸುರಿಯಲಿಲ್ಲ. ಬೆಳಗಾಗುವ ಮುಂಚಿನ ಹೊತ್ತು ಟ್ಯಾಂಕಿನಲ್ಲಿ ಆಕ್ಸಿಜನ್ ಅತಿ ಕಡಿಮೆ ಇರುತ್ತದೆ, ಯಾಕೆಂದರೆ ಒಳಗಿನ ಗಿಡಗಳೂ ಇಡೀ ರಾತ್ರಿ ಆಕ್ಸಿಜನ್ ಬಳಸಿರುತ್ತವೆ. ಆರು ಗಂಟೆಗೆ ನೋಡಿದಾಗ ಎಲ್ಲಕ್ಕಿಂತ ದೊಡ್ಡ ಒರಾಂಡಾ ಸತ್ತಿತ್ತು. ದೊಡ್ಡ ಮೀನಿಗೆ ಆಕ್ಸಿಜನ್ ಜಾಸ್ತಿ ಬೇಕು, ಇಂಥ ಹೊತ್ತಿನಲ್ಲಿ ಮೊದಲು ಹೋಗುವುದು ಅದೇ. ಉಳಿದ ಐದು ಬದುಕಿದ್ದವು. ಸತ್ತ ಮೀನನ್ನು ಕೂಡಲೇ ಹೊರಗೆ ತೆಗೆದರು.

ನಾನು ಹೋದಾಗ ಅಮೋನಿಯಾ 0.5 ಇತ್ತು. ಪಿಎಚ್ 8ರಲ್ಲಿ ಇದು ಹಗುರವಾಗಿ ತೆಗೆದುಕೊಳ್ಳುವ ಅಂಕಿ ಅಲ್ಲ. ಎತ್ತಿಟ್ಟ ನಾಲ್ಕು ಕೊಡಗಳ ಸರದಿ ಈಗ ಬಂತು. ನೀರಿಗೆ ಆ್ಯಂಟಿ ಕ್ಲೋರಿನ್ ಹಾಕಿ, ಅಷ್ಟೇ ನೀರು ಟ್ಯಾಂಕಿನಿಂದ ತೆಗೆದು, ನಿಧಾನವಾಗಿ ಸುರಿದೆವು. ಅಂಕಿ 0.25ರ ಆಸುಪಾಸಿಗೆ ಇಳಿಯಿತು. ಮೀನು ಕೆಳಗೆ ಇಳಿದು ಓಡಾಡತೊಡಗಿದವು.

ಕರೆಂಟ್ ಬಂದ ಕ್ಷಣ

ಹನ್ನೊಂದು ಗಂಟೆಗೆ ಲೈಟ್ ಬಂದವು. ಮಗನ ಕೈ ನೇರ ಸ್ವಿಚ್ಚಿಗೆ ಹೋಯಿತು. ಡಬ್ಬಿಯ ಪೈಪುಗಳನ್ನು ಅವನು ಆಗಲೇ ಜೋಡಿಸಿಟ್ಟಿದ್ದ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಅತಿ ಅಪಾಯದ ಗಳಿಗೆ ಇದೇ. ಎಲ್ಲರಿಗೂ ದಣಿವು, ಕಷ್ಟ ಮುಗಿಯಿತು ಎನ್ನುವ ಸಮಾಧಾನ. ಆ ಸಮಾಧಾನದಲ್ಲಿ ಸ್ವಿಚ್ ಒತ್ತಿದರೆ ಡಬ್ಬಿಯಲ್ಲಿ ರಾತ್ರಿಯಿಡೀ ಕೊಳೆತದ್ದು ಒಂದೇ ಸಲ ಟ್ಯಾಂಕಿಗೆ ಬರುತ್ತದೆ.

ತಡೆದು, ಡಬ್ಬಿಯನ್ನು ಮತ್ತೆ ಬಚ್ಚಲಿಗೆ ಒಯ್ದು ತೆರೆದೆವು. ಕೊಳೆತ ಮೊಟ್ಟೆಯ ವಾಸನೆ. ನೀರು ಕಪ್ಪಗೆ ಬೂದಿ ಬಣ್ಣ. ಅದನ್ನು ಪೂರ್ತಿ ಚೆಲ್ಲಿದೆವು. ಡಬ್ಬಿಯ ಒಳಗೋಡೆ, ಪೈಪು, ಪಂಪಿನ ರೆಕ್ಕೆ ಎಲ್ಲವನ್ನೂ ಟ್ಯಾಂಕಿನ ನೀರಿನಿಂದಲೇ ತೊಳೆದೆವು. ರಿಂಗ್‌ಗಳನ್ನು ನಳದ ಕೆಳಗೆ ಹಿಡಿದು ಚೊಕ್ಕ ಮಾಡೋಣ ಎಂದು ಮಗ ಕೇಳಿದ. ಮನಸ್ಸಿಗೆ ಸಹಜವಾಗಿ ಬರುವ ಆಸೆ ಅದು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಬೆರೆಸುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಮಾಸ್ತರು ರಾತ್ರಿಯೆಲ್ಲ ಉಳಿಸಿದ್ದನ್ನು ಐದು ನಿಮಿಷದಲ್ಲಿ ಕಳೆದುಕೊಳ್ಳುತ್ತಿದ್ದೆವು, ಅಲ್ವಾ? ರಿಂಗ್‌ಗಳನ್ನು ತೊಳೆಯದೇ ಬುಟ್ಟಿ ಸಮೇತ ಡಬ್ಬಿಗೆ ಇಳಿಸಿ, ಟ್ಯಾಂಕಿನ ನೀರು ತುಂಬಿ, ಪಂಪ್ ಶುರು ಮಾಡಿದೆವು. ಕೆಳಗಿನ ಬುಟ್ಟಿಗೆ ಹೊಸ ಸ್ಪಂಜ್ ಹಾಕಿದೆವು.

ಎರಡು ಬಕೆಟ್

ಆ ಕೊಳೆತ ಸ್ಪಂಜನ್ನು ಎಸೆಯಲು ಎತ್ತಿದ್ದರು. ಅದರಲ್ಲಿ ಎಷ್ಟು ಉಳಿದಿದೆ ಎಂದು ನೋಡೋಣ ಎಂದೆ. ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲಿ ವಾಸನೆ ಹೋಗುವವರೆಗೆ ಹಿಂಡಿ, ಒಂದು ಬಕೆಟ್ಟಿನಲ್ಲಿ ಹಾಕಿದೆವು. ಇನ್ನೊಂದು ಬಕೆಟ್ಟಿನಲ್ಲಿ ಬುಟ್ಟಿಯಿಂದ ತೆಗೆದ ಎರಡು ಬೊಗಸೆ ರಿಂಗ್. ಎರಡಕ್ಕೂ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್. ಕಲಾಯಿಯವರು ಬಳಸುವ ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಒಂದು ಚಿಟಿಕೆಯನ್ನು ಲೋಟ ನೀರಿನಲ್ಲಿ ಕರಗಿಸಿ, ಕಿಟ್ಟಿನಲ್ಲಿ 1 ತೋರಿಸುವವರೆಗೆ ಎರಡೂ ಬಕೆಟ್ಟಿಗೆ ಹನಿ ಹನಿಯಾಗಿ ಹಾಕಿದೆವು.

ಮರುದಿನ ರಿಂಗ್‌ನ ಬಕೆಟ್ಟಿನಲ್ಲಿ ಅಮೋನಿಯಾ ಸೊನ್ನೆ. ಸ್ಪಂಜಿನ ಬಕೆಟ್ಟಿನಲ್ಲಿ ಅರ್ಧದಷ್ಟು ಇಳಿದಿತ್ತು, ನೈಟ್ರೈಟ್ ಮಾತ್ರ ಎದ್ದು ನಿಂತಿತ್ತು. ಇದು ಲ್ಯಾಬಿನ ಪ್ರಯೋಗ ಅಲ್ಲ. ಸ್ಪಂಜೂ ರಿಂಗೂ ಒಂದೇ ಅಳತೆಯವಲ್ಲ. ಆದರೂ ಎರಡು ವಿಷಯ ಕಣ್ಣಿಗೆ ಕಂಡವು. ಗಾಳಿಯಲ್ಲಿ ಒದ್ದೆಯಾಗಿ ಇಟ್ಟ ಮೀಡಿಯಾ ರಾತ್ರಿ ಕಳೆದ ಮೇಲೂ ಕೆಲಸಕ್ಕೆ ತಯಾರಾಗಿತ್ತು. ಮುಚ್ಚಿಟ್ಟ ಸ್ಪಂಜ್ ಕೂಡ ಪೂರ್ತಿ ಸತ್ತಿರಲಿಲ್ಲ. ಅದಕ್ಕೇ ಇಂಥ ಹೊತ್ತಿನಲ್ಲಿ ಮೀಡಿಯಾ ಎಲ್ಲವನ್ನೂ ಎಸೆದು ಹೊಸದು ಹಾಕಬೇಡಿ ಎಂದು ನಾನು ಹೇಳುವುದು. ತೊಳೆದು, ಗಾಳಿ ಕೊಟ್ಟು, ನೋಡಿ. ಮೂರು ದಿನದ ಮೇಲೆ ಆ ಸ್ಪಂಜನ್ನೂ ಡಬ್ಬಿಗೆ ವಾಪಸ್ ಹಾಕಿದರು.

ಅಂಗಡಿಯವರೊಬ್ಬರು ಬ್ಯಾಕ್ಟೀರಿಯಾ ಬಾಟಲಿ ತಂದು ಸುರಿಯಲು ಹೇಳಿದ್ದರು. ಬೇಡ ಎಂದೆವು. ಕಾಪಾಡಿಕೊಂಡ ರಿಂಗ್ ಇರುವಾಗ ಅದರ ಅಗತ್ಯ ಇರಲಿಲ್ಲ. ಇನ್ನೊಂದು ಕಾರಣವೂ ಇದೆ. ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಎಂದು ಬಹಳ ಕಾಲ ನಂಬಿದ್ದರು. 1998ರಲ್ಲಿ ಬಂದ ಸಂಶೋಧನೆ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು ಎಂದು ತೋರಿಸಿತು. ಬಾಟಲಿ ಕೊಳ್ಳುವವರು ಒಳಗೆ ಯಾವುದಿದೆ, ಬಿಸಿಲಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿಯೇ ಕೊಳ್ಳಬೇಕು.

ನಂತರದ ದಿನಗಳು

ಎರಡು ದಿನ ಆಹಾರ ಹಾಕಲಿಲ್ಲ. ವೈನಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು, ಮೀನು ಗಾಜಿನ ಹತ್ತಿರ ಬಂದು ಕೇಳುತ್ತವಲ್ಲ. ಅಮೋನಿಯಾ ಮರುದಿನವೂ 0.25, ಮೂರನೇ ದಿನ ಸೊನ್ನೆ. ನೈಟ್ರೈಟ್ ಎರಡನೇ ದಿನ 0.5ಕ್ಕೆ ಏರಿತು. ಒಂದು ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿದೆವು. ಉಪ್ಪಿನ ಕ್ಲೋರೈಡ್ ಮೀನಿನ ಕಿವಿರಿನಲ್ಲಿ ನೈಟ್ರೈಟ್ ಒಳಗೆ ಹೋಗದಂತೆ ತಡೆಯುತ್ತದೆ. ಗೋಲ್ಡ್ ಫಿಶ್ ಇಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ. ವಾರದೊಳಗೆ ನೈಟ್ರೈಟ್ ಕೂಡ ಸೊನ್ನೆಯಾಯಿತು. ಉಳಿದ ಐದರಲ್ಲಿ ಒಂದೂ ಹೋಗಲಿಲ್ಲ.

ಈಗ ಆ ಮನೆಯಲ್ಲಿ ಕೆಲವು ಬದಲಾವಣೆ ಆಗಿವೆ. ಏರ್ ಪಂಪಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದಾರೆ. ಅದು ತಿನ್ನುವುದು ನಾಲ್ಕು ವ್ಯಾಟ್, ಒಂದು ಫ್ಯಾನ್ 70 ವ್ಯಾಟ್. ಆ ಏರ್ ಪಂಪಿಗೆ ಒಂದು ಸ್ಪಂಜ್ ಫಿಲ್ಟರ್ ಜೋಡಿಸಿದ್ದಾರೆ. ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಬದಲಾವಣೆ. ಟ್ಯಾಂಕಿನೊಳಗೇ ತೆರೆದಿರುವುದರಿಂದ ಮುಚ್ಚಿದ ಡಬ್ಬಿಯ ತೊಂದರೆ ಇಲ್ಲ, ಬ್ಯಾಕ್ಟೀರಿಯಾದ ಒಂದು ಪಾಲು ಯಾವಾಗಲೂ ಅಲ್ಲಿರುತ್ತದೆ. ಪಂಪ್ ನಿಂತಾಗ ನೀರು ನಳಿಕೆಯಲ್ಲಿ ಹಿಂದೆ ಹರಿಯದಂತೆ ನಾನ್ ರಿಟರ್ನ್ ವಾಲ್ವ್ ಹಾಕಿದ್ದಾರೆ. ಇನ್ವರ್ಟರ್ ಕೈಕೊಟ್ಟರೆ ಎಂದು ಒಂದು ಯುಎಸ್‌ಬಿ ಏರ್ ಪಂಪ್ ಕೊಂಡಿದ್ದಾರೆ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಒಂದು ವ್ಯಾಟಿನ ಪಂಪ್ ಹೆಚ್ಚು ಕಡಿಮೆ ಒಂದು ದಿನ ಓಡುತ್ತದೆ.

ಬೇಸಿಗೆಯಲ್ಲಿ ಮೀನಿಗೆ ಊಟ ಈಗ ಬೆಳಗ್ಗೆಯೇ. ಸಂಜೆ ಮೋಡ ಕಟ್ಟಿದರೆ ಆಹಾರದ ಡಬ್ಬಿ ಮುಟ್ಟಬಾರದು ಎಂದು ವೈನಿ ಮಗನಿಗೆ ತಾಕೀತು ಮಾಡಿದ್ದಾರೆ. ಜೂನ್‌ನಲ್ಲಿ ಮತ್ತೊಮ್ಮೆ ಆರು ತಾಸು ಕರೆಂಟ್ ಹೋಯಿತು. ಮಗ ಒಬ್ಬನೇ ಕ್ಯಾನಿಸ್ಟರ್ ತೆರೆದು, ಈ ಸಲ ಮೂರೂ ಬುಟ್ಟಿ ಹೊರಗೆ ತೆಗೆದು, ಕರೆಂಟ್ ಬಂದ ಮೇಲೆ ಡಬ್ಬಿಯ ಹಳೆಯ ನೀರು ಚೆಲ್ಲಿಯೇ ಸ್ವಿಚ್ ಹಾಕಿದ. ಮರುದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ.